ಓಣಿಗೆ ಬೆಲೆ ಬಂದಾಗ ಗಾಡಿಗೆ ಜಾಗ ಎಲ್ಲಿ?

ಈ ತಿಂಗಳ ಸಭೆಯಲ್ಲಿ ಒಬ್ಬರು ಓದಿ ಉಳಿದವರು ಚರ್ಚಿಸಲು ಈ ಪಾಠ.

ಓಣಿಗೆ ಸಿ.ಸಿ. ರಸ್ತೆ ಆಗುತ್ತದೆ, ಬೀದಿದೀಪ ಬರುತ್ತದೆ, ಹಳೆಯ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರೆ. ಎಲ್ಲರಿಗೂ ಸಂತೋಷವೇ. ಆದರೆ ಅದರ ಬೆನ್ನಿಗೇ ಬಾಡಿಗೆಯೂ ಏರುತ್ತದೆ. ಸ್ವಂತ ಜಾಗ ಇದ್ದವರಿಗೆ ಲಾಭ. ಬಾಡಿಗೆಗೆ ಕಿರಾಣಿ ಇಟ್ಟವರು, ಟೇಲರ್, ಖಾನಾವಳಿ ನಡೆಸುವ ಅಕ್ಕ, ಇವರು ಒಬ್ಬೊಬ್ಬರಾಗಿ ಜಾಗ ಬಿಡುತ್ತಾರೆ. ಹೊಲಿಗೆ ಮಷಿನ್ನು ಹೊತ್ತುಕೊಂಡು ಹೋಗಬಹುದು ನೋಡ್ರಿ, ಉದ್ರಿ ಕೊಟ್ಟು ಗಳಿಸಿದ ಗಿರಾಕಿಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಉಳ್ಳವರು ಬಂದಂತೆ ಬಡವರು ಜಾಗ ಬಿಡುವ ಈ ಬದಲಾವಣೆಗೆ, ಲಂಡನ್ನಿನ ಕೂಲಿಕಾರರ ಓಣಿಗಳನ್ನು ಅಭ್ಯಾಸ ಮಾಡಿದ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ 1964ರಲ್ಲಿ 'ಜೆಂಟ್ರಿಫಿಕೇಶನ್' ಎಂದು ಹೆಸರಿಟ್ಟರು.

ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯಲ್ಲಿ ಬಡವರ ವಸತಿಯಿಂದ ಸಾವಿರಾರು ಜನರನ್ನು ಎಬ್ಬಿಸಿದರು. ಖಾಸಗಿ ಸಹಭಾಗಿತ್ವದಲ್ಲಿ ಮನೆಗಳ ಜೊತೆಗೆ ಮಾಲ್ ಕಟ್ಟುವ ಯೋಜನೆ ಅದು. ಪಕ್ಕದ ಕೋರಮಂಗಲದಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳಿಗೆ ಮನೆಯಷ್ಟೇ ಅಲ್ಲ, ನಡೆದು ಹೋಗುವ ದೂರದ ದುಡಿಮೆಯೂ ಕೈತಪ್ಪಿತು.

ನಮ್ಮ ಗದಗದಲ್ಲಿ 2019ರಲ್ಲಿ ವಕಾರ ಸಾಲು ತೆರವಾದದ್ದು ನಿಮಗೆ ನೆನಪಿರಬೇಕು. ಲೀಸ್ ಮುಗಿದ ತನ್ನ ಜಾಗವನ್ನು ನಗರಸಭೆ ವಾಪಸ್ ಪಡೆಯಿತು. ಅದರ ಸರಿ-ತಪ್ಪು ಬೇರೆ ಮಾತು. ನಾವು ಕೇಳಬೇಕಾದದ್ದು ಇಷ್ಟು: ಲೀಸ್ ಹಿಡಿದವರ ಹೆಸರು ಕಡತದಲ್ಲಿ ಇರುತ್ತದೆ. ಅಂಥ ಜಾಗದಲ್ಲಿ ದುಡಿಯುವ ಹಮಾಲರದು, ಚಹಾ ಮಾರುವವರದು, ಮಿರ್ಚಿ-ಗಿರಮಿಟ್ ಗಾಡಿಯವರದು ಯಾವ ಕಡತದಲ್ಲಿ ಇರುತ್ತದೆ?

ಗಾಡಿಯವರಿಗೆ ಮಾತ್ರ ಒಂದು ಕಾನೂನು ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಗದಗ-ಬೆಟಗೇರಿಗೂ ಅನ್ವಯ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೂ ಅನ್ವಯ. 5 ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆ ಕಡೆ ಕಳಿಸಬೇಕಾದರೆ 30 ದಿನ ಮುಂಚೆ ನೋಟೀಸು ಕೊಡಬೇಕು. ವಸ್ತು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಕಾಯಿಪಲ್ಲೆ, ಹಣ್ಣು ಅದೇ ದಿನ, ಉಳಿದದ್ದು 2 ಕೆಲಸದ ದಿನಗಳೊಳಗೆ ತಿರುಗಿ ಬರಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಆಯ್ಕೆ ಮಾಡಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರರಲ್ಲಿ ಒಂದು ಭಾಗ ಮಹಿಳೆಯರು.

ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. 2020ರಲ್ಲಿ ಶುರುವಾದ ಪಿ.ಎಂ. ಸ್ವನಿಧಿ ಸಾಲ ಬಂದರೆ ಜಾಗವೂ ಖಾತ್ರಿ ಎಂದುಕೊಳ್ಳುತ್ತಾರೆ. ಸಾಲ ಬೇರೆ, ವ್ಯಾಪಾರದ ಪ್ರಮಾಣಪತ್ರ ಬೇರೆ. ಪ್ರಮಾಣಪತ್ರ ಕೇಳಿ ಪಡೆಯಿರಿ.

ಬಾಡಿಗೆ ಅಂಗಡಿಯವರಿಗೆ ಈ ಕಾಯ್ದೆ ಇಲ್ಲ. ಅವರು ಕರಾರು ಪತ್ರ ಬರೆಸಿಕೊಳ್ಳಬೇಕು, ಬಾಡಿಗೆಯ ರಸೀದಿ ಇಟ್ಟುಕೊಳ್ಳಬೇಕು. ನಾಲ್ಕಾರು ಜನ ಕೂಡಿ ಜಾಗ ಕೊಳ್ಳುವುದೂ ಒಂದು ದಾರಿ, ಸುಲಭವಲ್ಲ ನಿಜ. ಆದರೆ 1905ರಲ್ಲಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲೂಕಿನದೇ ಅಲ್ಲವೇ?

ಚರ್ಚೆಗೆ: ನಮ್ಮ ಸಂಘದಲ್ಲಿ ಗಾಡಿ, ಬುಟ್ಟಿ ವ್ಯಾಪಾರ ಮಾಡುವವರು ಎಷ್ಟು ಜನ? ಅವರಲ್ಲಿ ಪ್ರಮಾಣಪತ್ರ ಇದ್ದವರು ಯಾರು? ನಮ್ಮ ಊರಿನ ವ್ಯಾಪಾರ ಸಮಿತಿಯ ಸಭೆ ಕೊನೆಗೆ ಯಾವಾಗ ಆಯಿತು? ಇಬ್ಬರು ಸದಸ್ಯರು ಕಚೇರಿಗೆ ಹೋಗಿ ಕೇಳಿ, ಉತ್ತರವನ್ನು ಸಂಘದ ಪುಸ್ತಕದಲ್ಲಿ ಬರೆಯಿರಿ.