ವಾರಕ್ಕೆ 19 ಗಂಟೆಯ ಮಾತು

ರೇಡಿಯೊ ಪರವಾನಗಿಯ ನವೀಕರಣ ಅಂದರೆ ಒಂದು ಅರ್ಜಿ ತುಂಬಿ ಕಳಿಸುವ ಕೆಲಸ ಎಂದು ನಮ್ಮ ಆಡಳಿತ ಮಂಡಳಿಯಲ್ಲಿ ಬಹಳ ಜನ ತಿಳಿದಿದ್ದರು. ಅರ್ಜಿಯ ನಮೂನೆ ತೆರೆದಾಗ ಗೊತ್ತಾಯಿತು, ಅದರಲ್ಲಿ ಮುಂದಿನ ಕನಸುಗಳ ಬಗ್ಗೆ ಕೇಳಿದ್ದು ಕಡಿಮೆ. ಹೋದ ಸಲ ಪರವಾನಗಿ ಪಡೆಯುವಾಗ ಏನೇನು ಒಪ್ಪಿಕೊಂಡಿದ್ದಿರಿ, ಅದರಂತೆ ನಡೆದುಕೊಂಡಿರಾ, ನಡೆದುಕೊಂಡಿದ್ದಕ್ಕೆ ದಾಖಲೆ ಎಲ್ಲಿದೆ ಎಂಬುದೇ ಅದರ ತಿರುಳು.

ನಾನಿರುವುದು ಕೆನಡಾದ ಪೂರ್ವ ಕರಾವಳಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಇಂಗ್ಲಿಷ್, ಫ್ರೆಂಚ್ ಎರಡನ್ನೂ ಅಧಿಕೃತ ಭಾಷೆಗಳೆಂದು ಒಪ್ಪಿರುವ ಪ್ರಾಂತ್ಯ ಈ ದೇಶದಲ್ಲಿ ಇದೊಂದೇ. ಇಲ್ಲಿನ ಫ್ರೆಂಚ್ ಭಾಷಿಕರಲ್ಲಿ ಹೆಚ್ಚಿನವರು ಅಕೇಡಿಯನ್ನರು. 1755ರಿಂದ ಮುಂದೆ ಬ್ರಿಟಿಷರು ಇವರ ಹಿರಿಯರನ್ನು ಹಡಗಿಗೆ ಹತ್ತಿಸಿ ನೆಲದಿಂದ ಹೊರಗಟ್ಟಿದ್ದರು. ಚದುರಿಹೋದವರಲ್ಲಿ ಕೆಲವರು ಮರಳಿ ಬಂದು ಕಡಲಂಚಿನಲ್ಲಿ ಮೀನು ಹಿಡಿದು ಬದುಕು ಕಟ್ಟಿದರು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿತು, ಅದನ್ನೇ ಕಲಿಸುತ್ತಿದ್ದ ನಾನು ಇಲ್ಲಿಗೆ ಬಂದದ್ದು ಶಾಲಾ ಶಿಕ್ಷಕಿಯಾಗಿ. ಸಮುದಾಯ ರೇಡಿಯೊ ಸೇರಿದ್ದು ಊರಿನ ಫ್ರೆಂಚ್ ಕಿವಿಗೆ ಹತ್ತಲಿ ಎಂದು. ವರ್ಷಗಳು ಕಳೆದಂತೆ ಮಂಡಳಿಯ ಸದಸ್ಯೆಯಾದೆ. ಕಾಗದಪತ್ರ ಓದುವ ತಾಳ್ಮೆ ಇರುವವಳು ಎಂಬ ಕಾರಣಕ್ಕೆ ನವೀಕರಣದ ಹೊಣೆಯೂ ನನಗೇ ಬಂತು.

ನಮ್ಮದು ಸಣ್ಣ ಕೇಂದ್ರ. ಸಂಬಳ ಪಡೆಯುವವರು ಬೆರಳೆಣಿಕೆಯಷ್ಟು ಮಂದಿ, ಉಳಿದವರೆಲ್ಲ ಸ್ವಯಂಸೇವಕರು. ಬೆಳಗಿನ ಹೊತ್ತು ಹವಾಮಾನ, ಗಾಳಿಯ ವೇಗ, ಲಾಬ್‌ಸ್ಟರ್ ಋತುವಿನ ಸುದ್ದಿ. ಸಂಜೆ ಸಾವಿನ ಸುದ್ದಿ, ಚರ್ಚಿನ ಊಟದ ಸುದ್ದಿ, ಶಾಲಾ ಮಕ್ಕಳ ಹಾಕಿ. ಹಣದ ದೊಡ್ಡ ಭಾಗ ಬರುವುದು ರೇಡಿಯೊ ಬಿಂಗೊದಿಂದ. ಜನ ಅಂಗಡಿಯಲ್ಲಿ ಚೀಟಿ ಕೊಂಡು ಮನೆಯಲ್ಲಿ ಕೂತು, ನಾವು ಓದುವ ಅಂಕಿಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಅಕೇಡಿಯಾದ ಎಷ್ಟೋ ಸಮುದಾಯ ಕೇಂದ್ರಗಳು ಈ ಆಟದ ಬಲದಿಂದಲೇ ಉಸಿರಾಡುತ್ತಿವೆ. ಅದಕ್ಕೆ ಪ್ರಾಂತ್ಯದಿಂದ ಬೇರೆಯೇ ಪರವಾನಗಿ ಬೇಕು.

ಪ್ರಸಾರಕ್ಕೆ ಬೇಕಾದ ಅನುಮತಿಯೂ ಒಂದೇ ಕಡೆಯಿಂದ ಬರುವುದಿಲ್ಲ. ತರಂಗಾಂತರ, ಗೋಪುರ, ಪ್ರಸರಣ ಶಕ್ತಿ ಇವೆಲ್ಲ ಕೇಂದ್ರ ಸರ್ಕಾರದ ಇಲಾಖೆಯೊಂದರ ಕೈಯಲ್ಲಿ. ಏನು ಪ್ರಸಾರ ಮಾಡುತ್ತೀರಿ, ಯಾರಿಗಾಗಿ ಮಾಡುತ್ತೀರಿ ಎಂಬುದನ್ನು ನೋಡುವುದು ಸಿಆರ್‌ಟಿಸಿ, ಅಂದರೆ ಕೆನಡಾದ ರೇಡಿಯೊ, ಟೆಲಿವಿಷನ್ ಮತ್ತು ದೂರಸಂಪರ್ಕ ಆಯೋಗ. ರೇಡಿಯೊ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಇಲ್ಲಿನ 1991ರ ಪ್ರಸಾರ ಕಾಯ್ದೆ ಹೇಳುತ್ತದೆ. ಅದನ್ನು ಓದಿದಾಗ ಭಾರತದ ಸುಪ್ರೀಂ ಕೋರ್ಟ್ 1995ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದು ನೆನಪಾಯಿತು. ಆ ತೀರ್ಪು ಬಂದಮೇಲೂ ಕೋಲಾರ ಜಿಲ್ಲೆಯ ಬೂದಿಕೋಟೆಯ ಹೆಂಗಸರು 'ನಮ್ಮ ಧ್ವನಿ' ಎಂಬ ತಮ್ಮ ರೇಡಿಯೊವನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಹರಿಸಬೇಕಾಗಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊದ ಬಾಗಿಲು ತೆರೆದದ್ದು 2006ರಲ್ಲಿ. ಪರವಾನಗಿ ಕೈಯಲ್ಲಿರುವವರು ಅದನ್ನು ಸಲೀಸಾಗಿ ಸಿಕ್ಕಿದ್ದು ಎಂದುಕೊಳ್ಳಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಬೂದಿಕೋಟೆ ಒಂದು ಕಾರಣ.

ಆಯೋಗದ 2010ರ ನೀತಿಯ ಪ್ರಕಾರ ಸಮುದಾಯ ಕೇಂದ್ರವೊಂದು ವಾರದ ಪ್ರಸಾರದಲ್ಲಿ ಕನಿಷ್ಠ 15% ಭಾಗವನ್ನು ಸ್ಥಳೀಯವಾಗಿ ತಯಾರಾದ ಮಾತಿನ ಕಾರ್ಯಕ್ರಮಕ್ಕೆ ಕೊಡಬೇಕು. ಬೆಳಿಗ್ಗೆ 6ರಿಂದ ನಡುರಾತ್ರಿಯವರೆಗಿನ ಹೊತ್ತು ಲೆಕ್ಕಕ್ಕೆ ಬರುವುದರಿಂದ ವಾರಕ್ಕೆ 126 ಗಂಟೆ, ಅದರಲ್ಲಿ ಸುಮಾರು 19 ಗಂಟೆ ಮಾತು. ಕಾಗದದ ಮೇಲೆ ಇದು ಸಣ್ಣ ಅಂಕಿ. ಸ್ವಯಂಸೇವಕರನ್ನು ನಂಬಿದ ಕೇಂದ್ರದಲ್ಲಿ, ಜನವರಿಯ ಹಿಮದ ದಿನಗಳಲ್ಲಿ, 19 ಗಂಟೆ ಕೂತು ಮಾತನಾಡುವವರನ್ನು ಹುಡುಕುವುದು ದೊಡ್ಡ ಕೆಲಸ. ಹಾಡು ಹಾಕಿಬಿಡುವುದು ಬಲು ಸುಲಭ.

ಆಯೋಗ ತನಗೆ ಬೇಕಾದ ಒಂದು ವಾರವನ್ನು ಆರಿಸಿ, ಆ ವಾರದ ಪೂರ್ತಿ ಧ್ವನಿಮುದ್ರಣ ಕೊಡಿ ಎಂದು ಕೇಳುತ್ತದೆ. ಜೊತೆಗೆ ಪ್ರಸಾರವಾದ ಹಾಡುಗಳ ಪಟ್ಟಿ, ನಾವೇ ಮಾಡಿದ ಮೌಲ್ಯಮಾಪನ. ಪ್ರಸಾರವಾದದ್ದನ್ನೆಲ್ಲ 4 ವಾರ ಕಾಪಿಡುವುದು ಕಡ್ಡಾಯ, ದೂರು ಬಂದಿದ್ದರೆ 8 ವಾರ. ಇದಕ್ಕೆಂದೇ ಇರುವ ಯಂತ್ರವನ್ನು ಇಲ್ಲಿ ಲಾಗರ್ ಎನ್ನುತ್ತಾರೆ. ಸ್ಟುಡಿಯೊದ ಮೂಲೆಯಲ್ಲಿ ಸದ್ದಿಲ್ಲದೆ ಓಡುವ ಪೆಟ್ಟಿಗೆ. ಅದು ನಿಂತುಹೋದರೆ ಪ್ರಸಾರಕ್ಕೆ ಏನೂ ಆಗುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಪತ್ರ ಬಂದ ದಿನ ತಿಳಿಯುತ್ತದೆ. ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿದರೆ ಸಾಲದು, ವಾರಕ್ಕೊಮ್ಮೆ ಹಳೆಯ ಒಂದು ಗಂಟೆಯನ್ನು ತೆರೆದು ಕಿವಿಯಾರೆ ಕೇಳಬೇಕು. ಹೊಸದಾಗಿ ಶುರುವಾಗುವ ಯಾವ ಕೇಂದ್ರಕ್ಕಾದರೂ ನಾನು ಮೊದಲು ಹೇಳುವ ಮಾತು ಇದು.

ಮೌಲ್ಯಮಾಪನಕ್ಕಾಗಿ ನಾವು ಆ ವಾರವನ್ನು ಪೂರ್ತಿ ಕೇಳಿದೆವು. ಯಾರು ಎಷ್ಟು ಹೊತ್ತು ಮಾತನಾಡಿದರು ಎಂದು ಬರೆದುಕೊಳ್ಳುತ್ತ ಹೋದಾಗ, ನಿಯಮ ಕೇಳದೇ ಇದ್ದ ಒಂದು ವಿಷಯ ಕಣ್ಣಿಗೆ ಬಿತ್ತು. ಗಂಟೆಗಳು ಸರಿಯಾಗಿದ್ದವು. ಆದರೆ ಮಾತನಾಡಿದವರೆಲ್ಲ ಹೆಚ್ಚುಕಡಿಮೆ ಹತ್ತಾರು ಮನೆತನಗಳವರು. ಕ್ಯಾಮರೂನ್, ಐವರಿ ಕೋಸ್ಟ್, ಮೊರಾಕ್ಕೊಗಳಿಂದ ಫ್ರೆಂಚ್ ಹೊತ್ತು ಬಂದು ನಮ್ಮ ಮೀನು ಕಾರ್ಖಾನೆ, ವೃದ್ಧಾಶ್ರಮ, ಶಾಲೆಗಳಲ್ಲಿ ದುಡಿಯುತ್ತಿರುವವರ ದನಿ ಇಡೀ ವಾರದಲ್ಲಿ ಒಮ್ಮೆಯೂ ಇರಲಿಲ್ಲ. ಅಂಕಿ ತುಂಬಿದ್ದರೂ ಊರು ತುಂಬಿರಲಿಲ್ಲ. ಅರ್ಜಿಯಲ್ಲಿ ಇದನ್ನು ಬರೆಯಲೇಬೇಕೆಂದು ನಾನು ಮಂಡಳಿಯಲ್ಲಿ ವಾದಿಸಿದೆ, ಕೆಲವರು ಬೇಡವೆಂದರು. ಕೊನೆಗೆ ಬರೆದೆವು, ಸರಿಪಡಿಸುವ ಯೋಜನೆಯ ಸಮೇತ.

ಹಾಡಿನ ಲೆಕ್ಕ ಇನ್ನೊಂದು ಬಗೆಯದು. ಜನಪ್ರಿಯ ಸಂಗೀತದಲ್ಲಿ 35% ಕೆನಡಾದ್ದಾಗಿರಬೇಕು, ಫ್ರೆಂಚ್ ಕೇಂದ್ರವಾದ್ದರಿಂದ ಹಾಡುಗಳಲ್ಲಿ 65% ಫ್ರೆಂಚ್ ಇರಬೇಕು. ಯಾವುದು ಕೆನಡಾದ ಹಾಡು ಎಂಬುದಕ್ಕೆ 1971ರಿಂದ ನಡೆದುಬಂದ ಒಂದು ಅಳತೆಗೋಲಿದೆ: ಸಂಗೀತ, ಕಲಾವಿದ, ಧ್ವನಿಮುದ್ರಣ, ಸಾಹಿತ್ಯ, ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾಗಿರಬೇಕು. ಈ ಅಳತೆಯಲ್ಲಿ ಹಿಂದೊಮ್ಮೆ ಬ್ರಯನ್ ಆಡಮ್ಸ್‌ನಂಥ ಕೆನಡಾದ ಗಾಯಕನ ಹಾಡುಗಳೇ ಹೊರಗುಳಿದು ದೊಡ್ಡ ಗದ್ದಲವಾಗಿ, ನಿಯಮ ತಿದ್ದಬೇಕಾಯಿತು. ನಮ್ಮ ಕಷ್ಟ ಬೇರೆ. ಇಲ್ಲಿನ ಯುವಜನರ ಮಾತು ಶಿಯಾಕ್, ಒಂದೇ ಉಸಿರಿನಲ್ಲಿ ಫ್ರೆಂಚೂ ಇಂಗ್ಲಿಷೂ. ಲೀಸಾ ಲೆಬ್ಲಾಂಕ್, 'ರೇಡಿಯೊ ರೇಡಿಯೊ' ತಂಡ ಹಾಡುವುದೂ ಅದರ ಸೊಗಡಿನಲ್ಲೇ. ನಮ್ಮ ಕೇಳುಗರಿಗೆ ಇವರಿಗಿಂತ ಹತ್ತಿರದವರಿಲ್ಲ. ಇಂಗ್ಲಿಷ್ ಹೆಚ್ಚು ಬೆರೆತ ಹಾಡುಗಳನ್ನು ನಾವು ಪ್ರಸಾರ ಮಾಡಿದೆವು, 65%ರ ಲೆಕ್ಕಕ್ಕೆ ಮಾತ್ರ ಹಿಡಿಯಲಿಲ್ಲ. ತಕರಾರಿಗೆ ಎಡೆಯಿಲ್ಲದ ಹಾಡುಗಳಿಂದಲೇ ಪಾಲು ತುಂಬಿಸಿ, ಮೇಲೆ ಇವನ್ನು ಧಾರಾಳವಾಗಿ ಹಾಕುವುದು ನಾವು ಕಂಡುಕೊಂಡ ದಾರಿ.

ನಿಜವಾದ ಪೆಟ್ಟು ಬಿದ್ದದ್ದು ಇವಾವುದರಿಂದಲೂ ಅಲ್ಲ. ಪ್ರಸಾರದ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಆ ವರ್ಷದ ವರದಿ ನವೆಂಬರ್ 30ರೊಳಗೆ ಆಯೋಗಕ್ಕೆ ತಲುಪಬೇಕು. ಹಿಂದಿನ ಕೆಲವು ವರ್ಷಗಳ ವರದಿ ತಡವಾಗಿ ಹೋಗಿತ್ತು. ಆ ಕೆಲಸ ನೋಡುತ್ತಿದ್ದ ಸ್ವಯಂಸೇವಕರು ಊರು ಬಿಟ್ಟಿದ್ದರು, ಆನ್‌ಲೈನ್ ಖಾತೆ ಅವರ ಸ್ವಂತ ಇಮೇಲ್‌ಗೆ ಜೋಡಣೆಯಾಗಿತ್ತು, ನೆನಪಿನೋಲೆಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ನಿಯಮ ಉದ್ದೇಶವನ್ನು ಕೇಳುವುದಿಲ್ಲ. ವಿವರಣೆ ಕೊಡಿ ಎಂದು ಆಯೋಗ ಬರೆದಾಗ ನಾವು ನೆಪಗಳನ್ನು ಬರೆಯಲಿಲ್ಲ. ಏನಾಯಿತು, ಈಗ ಏನು ಬದಲಾಯಿಸಿದ್ದೇವೆ, ಯಾರು ಹೊಣೆ ಹೊತ್ತಿದ್ದಾರೆ ಎಂದಷ್ಟೇ ಬರೆದೆವು. ದಾಖಲೆ ತಲುಪಿಸುವ ಗಡುವು ವ್ಯಾಂಕೂವರ್‌ನ ಸಂಜೆ 5 ಗಂಟೆ, ನಮ್ಮಲ್ಲಿ ಆಗ ರಾತ್ರಿ 9. ಹಗಲು ಪಾಠ ಮಾಡಿ ಬಂದ ನನಗೆ ಆ ಗಂಟೆಗಳು ದೊಡ್ಡ ಉಪಕಾರ ಮಾಡಿದವು.

ಅರ್ಜಿ ಸಾರ್ವಜನಿಕವಾಗಿ ಪ್ರಕಟವಾದಮೇಲೆ ಯಾರು ಬೇಕಾದರೂ ಅಭಿಪ್ರಾಯ ಸಲ್ಲಿಸಬಹುದು. ಬೆಂಬಲದ ಪತ್ರಕ್ಕೆ ಒಂದೇ ಒಕ್ಕಣೆ ತಯಾರಿಸಿ ಸಹಿ ಹಾಕಿಸೋಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ತಮ್ಮ ಮಾತಿನಲ್ಲೇ ಬರೆಯಿರಿ ಎಂದೆವು. ಬಂದ ಪತ್ರಗಳಲ್ಲಿ ಕೆಲವು 2017ರ ಜನವರಿಯ ಬಗ್ಗೆ ಇದ್ದವು. ಆಗ ಮಂಜುಗಡ್ಡೆಯ ಮಳೆ ಸುರಿದು ಈಶಾನ್ಯದ ಅಕೇಡಿಯನ್ ಪರ್ಯಾಯ ದ್ವೀಪದಲ್ಲಿ ಕಂಬಗಳು ಮುರಿದು, ಎಷ್ಟೋ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಬೆಚ್ಚಗಿರಲು ಎಲ್ಲಿಗೆ ಹೋಗಬೇಕು, ಮನೆಯೊಳಗೆ ಜನರೇಟರ್ ಯಾಕೆ ಹಚ್ಚಬಾರದು ಎಂಬುದನ್ನು ವಯಸ್ಸಾದವರು ಬ್ಯಾಟರಿ ರೇಡಿಯೊದಲ್ಲಿ ಫ್ರೆಂಚಿನಲ್ಲಿ ಕೇಳಿ ತಿಳಿದುಕೊಂಡ ನೆನಪು ಅದು. ಶೇಕಡಾವಾರು ಕೋಷ್ಟಕಗಳ ಪಕ್ಕದಲ್ಲಿ ಆ ಪತ್ರಗಳನ್ನು ಇಟ್ಟಾಗಲೇ ನಮ್ಮ ಅರ್ಜಿಗೆ ಜೀವ ಬಂದದ್ದು.

ಪರವಾನಗಿ ಸಿಕ್ಕಿತು. ಆಗಿನ ಗರಿಷ್ಠ ಅವಧಿ 7 ವರ್ಷ. ತಡವಾದ ವರದಿಗಳ ಕಾರಣಕ್ಕೆ ನಮಗೆ ಅದಕ್ಕಿಂತ ಕಡಿಮೆ ಕೊಟ್ಟರು. ಮಂಡಳಿಯಲ್ಲಿ ಬೇಸರವಿತ್ತು. ನನಗೆ ಆ ನಿರ್ಧಾರ ನ್ಯಾಯವೆನಿಸಿತು. ಹಾಗೆಂದು ಆಕ್ಷೇಪವೇ ಇಲ್ಲವೆಂದಲ್ಲ. ವಕೀಲರನ್ನು ಇಟ್ಟುಕೊಂಡ ದೊಡ್ಡ ಕಂಪನಿಗೂ ಬಿಂಗೊ ಆಡಿಸಿ ಬದುಕುವ ಕೇಂದ್ರಕ್ಕೂ ವರದಿಯ ಗಡುವು ಒಂದೇ ಇರಲಿ, ಆದರೆ ಗಡುವಿಗೆ ಮುನ್ನ ಫೋನ್ ಮಾಡಿ ಕೇಳುವ ಒಬ್ಬ ಮನುಷ್ಯ ಸಣ್ಣವರಿಗೆ ಬೇಕು. ಫ್ರೆಂಚ್ ಸಮುದಾಯ ರೇಡಿಯೊಗಳ ಒಕ್ಕೂಟ 1991ರಿಂದ ಆ ಕೆಲಸಕ್ಕೆ ಹೆಗಲು ಕೊಡುತ್ತಿದೆ, ಅದಕ್ಕೆ ಇನ್ನಷ್ಟು ಹಣ ಸಿಗಬೇಕು. 2023ರಲ್ಲಿ ಕಾಯ್ದೆ ಬದಲಾಗಿ 7 ವರ್ಷದ ಮಿತಿ ಹೋಗಿದೆ, ಅವಧಿಯಿಲ್ಲದ ಪರವಾನಗಿಗೂ ಈಗ ಅವಕಾಶವಿದೆ. ನವೀಕರಣವೇ ಇಲ್ಲದಿದ್ದರೆ ಆ ಒಂದು ವಾರವನ್ನು ಕೂತು ಕೇಳುವ ಕೆಲಸವನ್ನು ನಮ್ಮಿಂದ ಮಾಡಿಸುವವರು ಯಾರು ಎಂಬ ಚಿಂತೆ ನನಗಿದೆ.

ಹಾಗಾಗಿ ನಮ್ಮ ಕೇಂದ್ರದಲ್ಲಿ ಅದನ್ನು ಪ್ರತಿ ಫೆಬ್ರವರಿಯ ಕೆಲಸವಾಗಿ ಉಪನಿಯಮಕ್ಕೇ ಸೇರಿಸಿಕೊಂಡಿದ್ದೇವೆ. ಆಯೋಗದ ಖಾತೆ ಈಗ ಕೇಂದ್ರದ ಹೆಸರಿನಲ್ಲಿದೆ, ಅದರ ಕೀಲಿ ಇಬ್ಬರ ಬಳಿ ಇರುತ್ತದೆ. ಶನಿವಾರ ಮಧ್ಯಾಹ್ನದ ಎರಡು ಗಂಟೆಯನ್ನು ಹೊಸದಾಗಿ ಬಂದವರು ನಡೆಸುತ್ತಾರೆ. ಅವರಲ್ಲಿ ಒಬ್ಬರು ಹೋದ ವಾರ್ಷಿಕ ಸಭೆಯಲ್ಲಿ ಮಂಡಳಿಗೆ ಆಯ್ಕೆಯಾಗಿದ್ದಾರೆ, ಮುಂದಿನ ವರದಿಯನ್ನು ನಾವಿಬ್ಬರೂ ಸೇರಿ ಬರೆಯುತ್ತೇವೆ.