ಬೇಸಗೆಯ ರಜೆಯಲ್ಲಿ ದೆಹಲಿಯ ಮಕ್ಕಳು

ದೆಹಲಿಯ ಶಾಲೆಗಳಿಗೆ ಬೇಸಗೆಯ ರಜೆ ದೊರೆಯುವುದು ಮೇ ತಿಂಗಳ ನಡುವಿನಲ್ಲಿ. ಆ ವೇಳೆಗೆ ನಮ್ಮ ನಾಡಿನಲ್ಲಿ ರಜೆ ಮುಗಿಯುತ್ತ ಬಂದಿರುತ್ತದೆ. ಜೂನ್ ತಿಂಗಳಲ್ಲಿ ಅಜ್ಜನ ಮನೆಗೆ ಹೋದ ಮಗುವಿಗೆ ಆಟಕ್ಕೆ ಜೊತೆ ದೊರೆಯುವುದಿಲ್ಲ. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು ಎಲ್ಲರೂ ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಿರುತ್ತಾರೆ. ಇದರ ಮೇಲೆ ಎರಡು ರಾತ್ರಿಗಳ ರೈಲುಪ್ರಯಾಣ, ಟಿಕೆಟ್ಟಿನ ತೊಂದರೆ, ತಂದೆಗೆ ದೊರೆಯದ ರಜೆ. ಹೀಗಾಗಿ “ಈ ವರ್ಷ ಊರಿಗೆ ಹೋಗುವುದಿಲ್ಲ” ಎಂಬ ಮಾತು ನಮ್ಮವರ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಮಕ್ಕಳು ಆರು ವಾರ ನಾಲ್ಕು ಗೋಡೆಗಳ ನಡುವೆ, ಕೈಯಲ್ಲಿ ಮೊಬೈಲು ಹಿಡಿದು ಕುಳಿತುಬಿಡುತ್ತಾರೆ. ಮನೆಯ ಹೊರಗೆ ಹೆಜ್ಜೆಯಿಟ್ಟರೆ ನಾಲ್ವರ ಕುಟುಂಬಕ್ಕೆ ಸಾವಿರ ರೂಪಾಯಿ ಸಾಲದು ಎಂಬ ಅಂಜಿಕೆ ತಂದೆತಾಯಿಗಳಿಗೆ.

ಈ ಅಂಜಿಕೆಗೆ ಕಾರಣವಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ದೆಹಲಿಯಲ್ಲಿ ಮಕ್ಕಳಿಗೆ ತೋರಿಸತಕ್ಕ ಸ್ಥಳಗಳಲ್ಲಿ ಬಹಳಷ್ಟಕ್ಕೆ ಪ್ರವೇಶಶುಲ್ಕವೇ ಇಲ್ಲ. ಶುಲ್ಕವಿರುವ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿಯೂ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮೆಟ್ರೋ ರೈಲಿನಲ್ಲಿ 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗು ಹಿರಿಯರೊಡನೆ ಉಚಿತವಾಗಿ ಪ್ರಯಾಣಿಸಬಹುದು. ಮುಖ್ಯವಾಗಿ ಬೇಕಾದದ್ದು ಹೊತ್ತಿನ ವಿವೇಕ. 2024ರ ಮೇ 29ರಂದು ಸಫ್ದರ್‌ಜಂಗ್ ಮಾಪನಕೇಂದ್ರದಲ್ಲಿ ಉಷ್ಣಾಂಶವು 46.8 ಡಿಗ್ರಿ ಮುಟ್ಟಿದ್ದನ್ನು ನಾವಾರೂ ಮರೆತಿಲ್ಲ. ಆದರೆ ಈ ಋತುವಿನಲ್ಲಿ ಇಲ್ಲಿ ಸೂರ್ಯೋದಯವಾಗುವುದು ಐದೂವರೆಗೂ ಮೊದಲೇ, ಅಂದರೆ ಉಡುಪಿಗಿಂತ ಅರ್ಧ ಗಂಟೆಗೂ ಮುಂಚೆ. ಐದೂವರೆಗೆ ಮನೆ ಬಿಟ್ಟು ಎಂಟೂವರೆಗೆ ಮರಳಿದರೆ ಮೂರು ಗಂಟೆ ದೊರೆಯಿತು.

ಕಳೆದ ವರ್ಷ ನಾಲ್ಕಾರು ಮನೆಯ ಮಕ್ಕಳನ್ನು ಕೂಡಿಸಿಕೊಂಡು ನಾವು ಹೊರಟಾಗ ಈ ವಿವೇಕ ನಮಗಿರಲಿಲ್ಲ. ಸ್ನಾನ, ಸಂಧ್ಯಾವಂದನೆ, ಪೂಜೆ, ಉಪಾಹಾರಗಳೆಲ್ಲ ಮುಗಿದು ಹೊರಟದ್ದು ಒಂಬತ್ತೂವರೆಗೆ. ಹತ್ತೂವರೆಯ ಹೊತ್ತಿಗೆ ಕಿರಿಯ ಮಗುವೊಂದು ನೆರಳು ಬಿಟ್ಟು ಕದಲಲಿಲ್ಲ. ಹಿರಿಯರೂ ಕದಲುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ವಾರದಿಂದ ಹಿಂದಿನ ರಾತ್ರಿಯೇ ಅವಲಕ್ಕಿ ಕಲಸಿಟ್ಟು, ಮನೆಮಂದಿಯೆಲ್ಲ ನಾಲ್ಕೂವರೆಗೆ ಏಳುವ ನಿಯಮ ಮಾಡಿಕೊಂಡೆವು.

ಮೊದಲ ಭಾನುವಾರಕ್ಕೆ ನಾವು ಸೂಚಿಸುವ ಸ್ಥಳವು ಬಹಳ ಜನರಿಗೆ ತಿಳಿದಿಲ್ಲ. ಈಸ್ಟ್ ಆಫ್ ಕೈಲಾಶ್ ಬಡಾವಣೆಯ ಇಸ್ಕಾನ್ ಮಂದಿರಕ್ಕೆ ನಮ್ಮವರು ಅನೇಕರು ಹೋಗಿ ಬಂದಿದ್ದಾರೆ. ಅದರ ಸಮೀಪದ ಉದ್ಯಾನವೊಂದರಲ್ಲಿ, ಮಾಡಿನ ಕೆಳಗೆ, ಕಬ್ಬಿಣದ ಸರಳುಗಳ ಹಿಂದೆ ಓರೆಯಾದ ಒಂದು ಬಂಡೆಯಿದೆ. ಅದರ ಮೇಲೆ ಅಶೋಕ ಚಕ್ರವರ್ತಿಯ ಹತ್ತು ಸಾಲುಗಳ ಶಾಸನವಿದೆ. ಬಡಾವಣೆಯ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ, 1966ರಲ್ಲಿ, ಇದು ಬೆಳಕಿಗೆ ಬಂದಿತು. ಸಮೀಪದ ಹಳ್ಳಿಯ ಹೆಸರಿನಿಂದ ಇದನ್ನು ಬಹಾಪುರ ಶಾಸನವೆನ್ನುತ್ತಾರೆ. ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಅಕ್ಷರಗಳು ಸವೆದಿವೆ, ಬೆಳಗಿನ ಓರೆಬಿಸಿಲಿನಲ್ಲಿ ಕಾಣುವಷ್ಟು ಮಧ್ಯಾಹ್ನದಲ್ಲಿ ಕಾಣುವುದಿಲ್ಲ.

ಕನ್ನಡದ ಮಕ್ಕಳನ್ನು ಇಲ್ಲಿಗೇ ಮೊದಲು ಏಕೆ ಕರೆತರಬೇಕು? ಇದೇ ಶಾಸನದ ಪಾಠವು ನಮ್ಮ ನಾಡಿನ ಬಂಡೆಗಳ ಮೇಲೂ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಗುರುತಿಸಿದರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಶೋಧನೆಯಲ್ಲಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಮತ್ತೊಂದು ದೊರೆಯಿತು. ಅದುವರೆಗೆ ದೊರೆತ ಶಾಸನಗಳೆಲ್ಲ ರಾಜನನ್ನು ‘ದೇವಾನಾಂಪ್ರಿಯ’ನೆಂದೋ ‘ಪ್ರಿಯದರ್ಶಿ’ಯೆಂದೋ ಕರೆದಿದ್ದವು, ಮಸ್ಕಿಯ ಬಂಡೆ ಮಾತ್ರ ‘ಅಶೋಕ’ ಎಂಬ ಹೆಸರನ್ನೇ ಹೇಳಿತು. ದೆಹಲಿಯ ಬಂಡೆಯ ಮೇಲಿನ ಮಾತು ಯಾರದೆಂಬುದಕ್ಕೆ ಕನ್ನಡನಾಡಿನ ಬಂಡೆಯೊಂದು ಸಾಕ್ಷಿ ನುಡಿದಂತಾಯಿತು. ಇದನ್ನು ಬಂಡೆಯ ಮುಂದೆಯೇ ನಿಂತು ಹೇಳಿದರೆ ಮಕ್ಕಳ ಕಣ್ಣು ಅರಳುವುದನ್ನು ನಾವು ನೋಡಿದ್ದೇವೆ.

ಅಶೋಕನ ಮತವನ್ನು ನಾವು ಒಪ್ಪಬೇಕಾಗಿಲ್ಲ. ಆಚಾರ್ಯರು ಬೌದ್ಧಮತವನ್ನು ಖಂಡಿಸಿರುವುದು ವಾಚಕರಿಗೆ ವಿದಿತವೇ ಇದೆ. ಆದರೆ ಈ ಶಾಸನದ ತಾತ್ಪರ್ಯ ಮಕ್ಕಳಿಗೆ ಹೇಳತಕ್ಕದ್ದು: ಮೊದಲು ತಾನು ಸಾಧನೆಯಲ್ಲಿ ಅಷ್ಟಾಗಿ ತೊಡಗಿರಲಿಲ್ಲವೆಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ, ಅನಂತರ ಪ್ರಯತ್ನಪಟ್ಟೆನೆನ್ನುತ್ತಾನೆ, ಈ ಫಲವು ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಪ್ರಯತ್ನದಿಂದ ಲಭ್ಯವೆನ್ನುತ್ತಾನೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಬಾಲಕನೊಬ್ಬನು ಇದನ್ನು ಕೇಳಿ, “ರಾಜನೂ ಮೊದಲು ಓದುತ್ತಿರಲಿಲ್ಲವೇ?” ಎಂದು ಕೇಳಿದನು. ಇನ್ನೊಂದು ವಿಷಯ. ದೆಹಲಿಯ ಬಂಡೆಯಲ್ಲಿರುವುದು ಈ ಪಾಠದ ಮೊದಲ ಭಾಗ ಮಾತ್ರ. ತಂದೆತಾಯಿಗಳ ಸೇವೆ, ಗುರುಗಳಲ್ಲಿ ಗೌರವ, ಸತ್ಯವಚನ, ಪ್ರಾಣಿದಯೆಗಳನ್ನು ವಿಧಿಸುವ ಎರಡನೆಯ ಭಾಗವನ್ನು ಓದಬೇಕಾದರೆ ಬ್ರಹ್ಮಗಿರಿಗೇ ಹೋಗಬೇಕು.

ಹೊರಡುವ ಹಿಂದಿನ ಸಂಜೆ ಮನೆಯಲ್ಲಿ ಒಂದು ಪೂರ್ವಸಿದ್ಧತೆ ಅಗತ್ಯ. ಬ್ರಾಹ್ಮಿಯ ಐದಾರು ಅಕ್ಷರಗಳನ್ನು ಮಕ್ಕಳಿಗೆ ಬರೆಸಿರಿ. ಕಕಾರವೆಂದರೆ ಗಣಿತದ ಕೂಡುವ ಚಿಹ್ನೆ. ಗಕಾರವೆಂದರೆ ಮನೆಯ ಮಾಡಿನಂತೆ ಎರಡು ಇಳಿಜಾರು ಗೆರೆ. ನಮ್ಮ ‘ಗ’ದಲ್ಲಿ ಆ ಕಮಾನು ಇಂದಿಗೂ ಉಳಿದಿದೆ. ಠಕಾರವು ಬರಿಯ ವೃತ್ತ. ಶಾಲೆಯಲ್ಲಿ ಕಲಿಯುವ ಹಿಂದಿಯ ಠಕಾರವು ತಲೆಗೆರೆಯಿಂದ ತೂಗುವ ಅದೇ ವೃತ್ತ; ಕನ್ನಡದ ‘ಠ’ದಲ್ಲಿ ಆ ವೃತ್ತದ ನಡುವೆ ಚುಕ್ಕೆಯೊಂದು ಸೇರಿದೆ. ಹಿಂದಿಯನ್ನು ಸರಾಗವಾಗಿ ಓದಿ, ಕನ್ನಡದ ಪುಸ್ತಕ ಕೊಟ್ಟರೆ “ಇದು ನನಗೆ ಬಾರದು” ಎಂದು ಹಿಂದಕ್ಕೆ ಕೊಡುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಮನೆಯಲ್ಲಿ ಮಾತು ಕನ್ನಡದಲ್ಲಿಯೇ ನಡೆದರೂ ಅಕ್ಷರದ ಸಂಬಂಧ ಕಡಿದುಹೋದರೆ ದಾಸರ ಪದಗಳನ್ನು ಮುಂದೆ ಅವರು ಯಾವ ಲಿಪಿಯಲ್ಲಿ ಓದಿಯಾರು? ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳೆಂದು ಬಂಡೆಯ ಮೇಲೆ ಬೆರಳು ತೋರಿಸಿ ಹೇಳಿದ ಬಳಿಕ ಕೆಲವು ಮಕ್ಕಳು ತಾವಾಗಿಯೇ ಕನ್ನಡ ವರ್ಣಮಾಲೆಯನ್ನು ಕೇಳಿದರು. ಎಲ್ಲರೂ ಕೇಳಿದರೆಂದು ನಾವು ಹೇಳುವುದಿಲ್ಲ.

ಉಳಿದ ಸ್ಥಳಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಲೋಧಿ ಉದ್ಯಾನವನ್ನು ವಿವರಿಸುವ ಅಗತ್ಯವಿಲ್ಲ. ದೆಹಲಿ ಕನ್ನಡ ಶಾಲೆಯು ಲೋಧಿ ಎಸ್ಟೇಟಿನಲ್ಲಿಯೇ ಇರುವುದರಿಂದ ಅತ್ತ ಹೋಗದ ಕುಟುಂಬವೇ ವಿರಳ. ಹೇಲಿ ರಸ್ತೆಯ ಅಗ್ರಸೇನನ ಬಾವಡಿ ಸುಮಾರು 60 ಮೀಟರ್ ಉದ್ದ, 15 ಮೀಟರ್ ಅಗಲದ ಮೆಟ್ಟಿಲುಬಾವಿ; ನೂರಕ್ಕೂ ಮಿಕ್ಕ ಮೆಟ್ಟಿಲುಗಳು. ಉಡುಪಿಯ ಮಧ್ವಸರೋವರವನ್ನು ಕಂಡ ಮಕ್ಕಳು “ಇದು ಇಷ್ಟು ಇಕ್ಕಟ್ಟಾಗಿ, ಇಷ್ಟು ಆಳವಾಗಿ ಏಕಿದೆ?” ಎಂದು ಕೇಳುವುದು ಸಹಜ. ಅಲ್ಲಿ ನೀರು ಮೇಲೆಯೇ ಸಿಗುತ್ತದೆ, ಇಲ್ಲಿ ನೀರನ್ನು ಹುಡುಕುತ್ತ ಇಳಿಯಬೇಕಿತ್ತು. ಎರಡೂ ಪಕ್ಕದ ಎತ್ತರದ ಗೋಡೆಗಳು ನೆರಳನ್ನೂ ಕೊಟ್ಟವು. ಮೆಟ್ಟಿಲುಗಳ ಮೇಲೆ ಚಿಕ್ಕವರ ಕೈ ಬಿಡಬಾರದು.

ನಡುಹಗಲು ಹೊರಹೋಗಲೇಬೇಕಾದರೆ ಮಾಡಿನ ಕೆಳಗಿನ ಸ್ಥಳಗಳೇ ಲೇಸು. ತೀಸ್ ಜನವರಿ ಮಾರ್ಗದ ಗಾಂಧೀಸ್ಮೃತಿಗೆ ಶುಲ್ಕವಿಲ್ಲ. ಸೋಮವಾರ ಮಾತ್ರ ರಜೆ. ಮಹಾತ್ಮರು ತಮ್ಮ ಕೊನೆಯ 144 ದಿನಗಳನ್ನು ಕಳೆದ ಮನೆ ಅದು. 1948ರ ಜನವರಿ 30ರ ಸಂಜೆ ಅವರು ಪ್ರಾರ್ಥನೆಗೆ ನಡೆದುಹೋದ ಹೆಜ್ಜೆಗಳ ಗುರುತನ್ನು ಅಲ್ಲಿ ಕಲ್ಲಿನಲ್ಲಿ ಮೂಡಿಸಿದ್ದಾರೆ. ಅವರು ಕಾಂಗ್ರೆಸ್ ಮಹಾಸಭೆಗೆ ಅಧ್ಯಕ್ಷರಾದುದು ಒಮ್ಮೆ ಮಾತ್ರ, 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬಾರದು. ಸಂಜೆಗೆ ಇಂಡಿಯಾ ಗೇಟಿನ ಬಳಿಯ ರಾಷ್ಟ್ರೀಯ ಯುದ್ಧಸ್ಮಾರಕ. 2019ರಲ್ಲಿ ಉದ್ಘಾಟನೆಯಾದ ಇದಕ್ಕೂ ಶುಲ್ಕವಿಲ್ಲ. ವೃತ್ತಾಕಾರದ ಗೋಡೆಗಳ ಗ್ರಾನೈಟ್ ಫಲಕಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಯೋಧರ ಹೆಸರುಗಳಿವೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿದಳದ ಹೆಸರುಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಕೊಟ್ಟರೆ ಅವರು ಓಡಾಡದೆ ಮೌನವಾಗಿ ಓದುತ್ತಾರೆ.

ಗುರುಗ್ರಾಮದ ಕಡೆ ಇರುವವರಿಗೆ ಅಲ್ಲಿನ ಅರಾವಳಿ ಜೈವಿಕ ಉದ್ಯಾನ ಹತ್ತಿರ. ಗಣಿಗಾರಿಕೆಯಿಂದ ಬರಡಾಗಿದ್ದ ಗುಡ್ಡದಲ್ಲಿ 2010ರಿಂದ ಈ ನಾಡಿನದೇ ಗಿಡಮರಗಳನ್ನು ನೆಟ್ಟು ಬೆಳೆಸಿದ್ದಾರೆ. ಉಪನಯನದಲ್ಲಿ ಹಿಡಿದ ಪಲಾಶದಂಡ ಬರುವುದು ಮುತ್ತುಗದ ಮರದಿಂದಲೆಂದು ಅಲ್ಲಿ ಮರವನ್ನೇ ತೋರಿಸಿ ಹೇಳಬಹುದು. ಯಮುನೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ. ಕಾಳಿಂದಿಯ ಕಥೆ ಕೇಳಿ ಬೆಳೆದ ಮಕ್ಕಳು ನೀರಿಗಿಳಿಯಲು ಹಟ ಹಿಡಿಯುವುದುಂಟು. ದಡದಿಂದ ಕೈಮುಗಿದರೆ ಸಾಕು. ದೆಹಲಿಯಲ್ಲಿ ಆ ನೀರು ಸ್ನಾನಕ್ಕೆ ಯೋಗ್ಯವಾಗಿಲ್ಲವೆಂಬುದು ದುಃಖದ ಸಂಗತಿ.

ಬುತ್ತಿಗೆ ಮೊಸರನ್ನ ಬೇಡ, ಈ ಸೆಕೆಯಲ್ಲಿ ಬೇಗ ಹುಳಿಯುತ್ತದೆ. ಅವಲಕ್ಕಿ, ಹುರಿಹಿಟ್ಟು, ಬೆಲ್ಲದ ಪಾನಕ, ಉಪ್ಪು ಹಾಕಿದ ಮಜ್ಜಿಗೆ ಸಾಕು. ಜ್ಯೇಷ್ಠಮಾಸದ ನಿರ್ಜಲ ಏಕಾದಶಿ ಈ ರಜೆಯಲ್ಲಿಯೇ ಬರುವುದು ಹೆಚ್ಚು; ಅದು ವಾರಾಂತ್ಯದಲ್ಲಿ ಬಿದ್ದರೆ ಉಪವಾಸವಿರುವವರು ಬಿಸಿಲಿಗೆ ಹೊರಡಬಾರದು.

ಕೊನೆಯದಾಗಿ, ಮನೆಯ ಬಾಲ್ಕನಿಯಲ್ಲಿಯೇ ಆಗತಕ್ಕ ಒಂದು ಪ್ರಯೋಗ. ಇದಕ್ಕೆ ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು, ಅಳತೆಪಟ್ಟಿ, ಊರಿನಲ್ಲಿ ಫೋನ್ ಹಿಡಿದ ಅಜ್ಜ, ಇಷ್ಟೇ ಬೇಕು. ಮೇ 25ರ ಸುಮಾರಿನ ವಾರಾಂತ್ಯದಲ್ಲಿ ಮಾಡಬೇಕು. ಅಂದು ದೆಹಲಿಯಲ್ಲಿ ಸೂರ್ಯನು ಮಧ್ಯಾಹ್ನರೇಖೆಗೆ ಬರುವುದು 12 ಗಂಟೆ 18 ನಿಮಿಷದ ಸುಮಾರಿಗೆ. ಉಡುಪಿಯಲ್ಲಿ ಹತ್ತು ನಿಮಿಷ ತಡವಾಗಿ. ಇಲ್ಲಿ ಕೋಲಿನ ನೆರಳು ಉತ್ತರಕ್ಕೆ ಬೀಳುತ್ತದೆ, ಉದ್ದ ಹದಿಮೂರು ಸೆಂಟಿಮೀಟರಿನಷ್ಟು. ಉಡುಪಿಯಲ್ಲಿ ಅಜ್ಜ ಅಂಥದೇ ಕೋಲನ್ನು ಅಂಗಳದಲ್ಲಿ ನಿಲ್ಲಿಸಿದರೆ ನೆರಳಿನ ಉದ್ದ ಹೆಚ್ಚುಕಡಿಮೆ ಅಷ್ಟೇ, ಆದರೆ ಅದು ಬೀಳುವುದು ದಕ್ಷಿಣಕ್ಕೆ! ಅಂದು ಸೂರ್ಯನು ನೆತ್ತಿಯ ಮೇಲಿರುವುದು ಎರಡಕ್ಕೂ ನಡುವೆ, ರಾಜಧಾನಿ ರೈಲಿನಲ್ಲಿ ಊರಿಗೆ ಹೋಗುವಾಗ ದಾಟುವ ನಾಗಪುರದ ಆಸುಪಾಸಿನಲ್ಲಿ. ದೀಪದ ಎರಡು ಕಡೆ ಕುಳಿತ ಇಬ್ಬರ ನೆರಳುಗಳಂತೆ ಇಲ್ಲಿಯ ನೆರಳು ಇತ್ತ, ಅಲ್ಲಿಯ ನೆರಳು ಅತ್ತ. ಬೆಂಗಳೂರಿನವರಿಗೂ ಹೆಚ್ಚುಕಡಿಮೆ ಇದೇ ದಿನ. ಧಾರವಾಡದವರು ಜೂನ್ 1ರ ಸುಮಾರಿಗೆ, ಮಂತ್ರಾಲಯ, ರಾಯಚೂರಿನ ಕಡೆಯವರು ಇನ್ನೆರಡು ದಿನ ಕಳೆದು ನೋಡಬೇಕು. ಉಡುಪಿಯ ಅಜ್ಜನಿಗೆ ಜುಲೈ 18ರ ಸುಮಾರಿಗೆ ಇದೇ ಯೋಗ ಮತ್ತೊಮ್ಮೆ ಬರುತ್ತದೆ. ಆದರೆ ಆಗ ಕರಾವಳಿಯಲ್ಲಿ ಬಿಸಿಲನ್ನು ನಂಬುವಂತಿಲ್ಲ, ಇಲ್ಲಿ ಶಾಲೆಯೂ ತೆರೆದಿರುತ್ತದೆ.