ಹನಿ ನೀರಾವರಿ ನಕ್ಷೆಯ ಪಿಡಿಎಫ್: ಹಾಳೆ ಅಳತೆ ತಪ್ಪಿದರೆ ಪೈಪಿನ ಲೆಕ್ಕವೂ ತಪ್ಪುತ್ತೆ

ಹನಿ ನೀರಾವರಿ, ಪಾಲಿಹೌಸ್, ಕೃಷಿ ಹೊಂಡ, ಯಾವುದನ್ನೇ ಮಾಡಿಸಿದರೂ ಈಗ ಒಂದು ನಕ್ಷೆ ಕೈಗೆ ಬರುತ್ತೆ. ಹೆಚ್ಚಾಗಿ ವಾಟ್ಸಾಪ್‌ನಲ್ಲೇ ಬರೋದು. ಮೊಬೈಲಿನಲ್ಲಿ ಹಿಗ್ಗಿಸಿ ನೋಡ್ತೀವಿ, ಜೆರಾಕ್ಸ್ ಅಂಗಡೀಲಿ ಎ4 ಹಾಳೆ ಮೇಲೆ ಪ್ರಿಂಟ್ ತೆಗೆಸ್ತೀವಿ, ಮೇಲೆ ಸ್ಕೇಲ್‌ಪಟ್ಟಿ ಇಟ್ಟು ಅಳೀತೀವಿ. ಎಡವಟ್ಟು ಆಗೋದು ಅಲ್ಲೇ.

ಒಂದು ಲೆಕ್ಕ ನೋಡಿ. ಉದ್ದ 150 ಮೀಟರ್, ಅಗಲ 108 ಮೀಟರ್ ಇರುವ ಹೊಲ, ಅಂದರೆ ಸುಮಾರು 4 ಎಕರೆ. ಇದನ್ನು 1:200 ಪ್ರಮಾಣದಲ್ಲಿ ಬರೆದರೆ ಕಾಗದದ ಮೇಲೆ 75 ಸೆಂ.ಮೀ. ಉದ್ದ, 54 ಸೆಂ.ಮೀ. ಅಗಲ ಬರುತ್ತೆ. ಅದಕ್ಕೆ ಎ1 ಹಾಳೆ ಬೇಕು, ಅದರ ಅಳತೆ 841 × 594 ಮಿ.ಮೀ. ನಮ್ಮ ಮಾಮೂಲಿ ಎ4 ಹಾಳೆ 297 × 210 ಮಿ.ಮೀ. ಮಾತ್ರ. ಎ1 ನಕ್ಷೆಯನ್ನು ಎ4ಗೆ ಕುಗ್ಗಿಸಿದರೆ ಪ್ರತಿ ಗೆರೆಯೂ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತೆ, ಅಷ್ಟೇ. ಆದರೆ ಮೂಲೆಯಲ್ಲಿ ಬರೆದಿರೋ ‘ಸ್ಕೇಲ್ 1:200’ ಹಾಗೇ ಇರುತ್ತೆ. ನಿಜವಾದ ಪ್ರಮಾಣ 1:566ರ ಹತ್ತಿರ ಹೋಗಿರುತ್ತೆ.

ಬದುವಿನಿಂದ 24 ಮೀಟರ್ ದೂರದಲ್ಲಿ ವಾಲ್ವ್ ಬರಬೇಕು ಅಂತಿಟ್ಕೊಳ್ಳಿ. ಎ1 ಹಾಳೆಯಲ್ಲಿ ಅದು 12 ಸೆಂ.ಮೀ. ಎ4 ಪ್ರಿಂಟ್‌ನಲ್ಲಿ 4.2 ಸೆಂ.ಮೀ. ಸಿಗುತ್ತೆ, 1:200 ಅಂತ ನಂಬಿ ಲೆಕ್ಕ ಹಾಕಿದರೆ ಬರೋದು ಎಂಟೂವರೆ ಮೀಟರ್. ಜೆಸಿಬಿ ಕಾಲುವೆ ತೋಡೋದು 15 ಮೀಟರ್ ಈಚೆಗೆ. 40 ಮೀಟರ್ ಲ್ಯಾಟರಲ್ ಪೈಪಿಗೆ 14 ಮೀಟರ್ ಲೆಕ್ಕ ಬರೆದುಕೊಂಡು ಅಂಗಡಿಗೆ ಹೋಗ್ತೀರಿ.

ಹಾಗಾಗಿ ನಕ್ಷೆ ಮಾಡಿದವರ ಹತ್ತಿರ ಕೇಳಬೇಕಾದ್ದು ಫೋಟೋ ಅಲ್ಲ, ಎ1 ಅಳತೆಯಲ್ಲೇ ತೆಗೆದ ಪಿಡಿಎಫ್. ದೊಡ್ಡ ಹಾಳೆಯನ್ನು ನೆಲದ ಮೇಲೆ ಹಾಸಿ ಮೊಬೈಲಲ್ಲಿ ಸ್ಕ್ಯಾನ್ ಮಾಡಿದರೆ ಸಾಲದು. 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಉದ್ದಕ್ಕೆ 4000 ಚುಕ್ಕಿ ಇರುತ್ತೆ. 841 ಮಿ.ಮೀ. ಹಾಳೆಗೆ ಹಂಚಿದರೆ ಒಂದು ಚುಕ್ಕಿಗೆ 0.21 ಮಿ.ಮೀ. ಆಯ್ತು. 0.18 ಮಿ.ಮೀ. ದಪ್ಪದ ಸಣ್ಣ ಗೆರೆ ಅದರಲ್ಲಿ ಮಸುಕಾಗುತ್ತೆ. ಮೊಬೈಲ್ ಸ್ವಲ್ಪ ಓರೆಯಾದರೂ ಹೊಲದ ಒಂದು ಬದಿ ಕಿರಿದಾಗುತ್ತೆ. ನೋಡೋಕೆ ಸಾಕು, ಅಳೆಯೋಕೆ ಆಗಲ್ಲ. ಕ್ಯಾಡ್‌ನಿಂದ ನೇರ ತೆಗೆದ ಪಿಡಿಎಫ್‌ನಲ್ಲಿ ಗೆರೆಗಳು ಎಷ್ಟು ಹಿಗ್ಗಿಸಿದರೂ ಒಡೆಯಲ್ಲ.

ಆಟೋಕ್ಯಾಡ್ ಬಳಸುವವರಿಗೆ ಹೀಗೆ ಹೇಳಿ: ಪ್ಲಾಟ್‌ನಲ್ಲಿ ಪ್ರಿಂಟರ್ ಜಾಗಕ್ಕೆ ‘ಡಿಡಬ್ಲ್ಯುಜಿ ಟು ಪಿಡಿಎಫ್’, ಹಾಳೆಗೆ ‘ಐಎಸ್‌ಒ ಫುಲ್ ಬ್ಲೀಡ್ ಎ1’. ‘ಫಿಟ್ ಟು ಪೇಪರ್’ ಮೇಲಿನ ಟಿಕ್ ತೆಗೆಯಲೇಬೇಕು. ಲೇಔಟ್‌ನಲ್ಲಿ ಎ1 ಹಾಳೆ ಹಾಕಿ ನಕ್ಷೆ ಕೂರಿಸಿದ್ದರೆ ಪ್ಲಾಟ್ ಸ್ಕೇಲ್ 1:1. ಮಾಡೆಲ್‌ನಿಂದಲೇ ತೆಗೆಯೋದಾದರೆ, ಮೀಟರಿನಲ್ಲಿ ಬರೆದ ನಕ್ಷೆಗೆ 1 ಮಿ.ಮೀ.ಗೆ 0.2 ಯೂನಿಟ್ ಅಂತ ಕೊಡಬೇಕು. ನೀವೇ ಕ್ಯೂಜಿಐಎಸ್‌ನಲ್ಲಿ ಹೊಲದ ನಕ್ಷೆ ಮಾಡ್ತಿದ್ದರೆ, ಹೊಸ ಲೇಔಟ್ ತೆರೆದಾಗ ಬರೋದು ಎ4 ಹಾಳೆ. ಮೊದಲು ಹಾಳೆಯ ಅಳತೆ ಬದಲಿಸಿ, ಆಮೇಲೆ ನಕ್ಷೆಯ ಸ್ಕೇಲ್ ಹಾಕಿ, ಕೊನೆಗೆ ಪಿಡಿಎಫ್ ಮಾಡಿ.

ಬಂದ ಫೈಲ್ ಸರಿ ಇದೆಯಾ ಅಂತ ನೋಡೋದು ಅರ್ಧ ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ಅಡೋಬ್ ರೀಡರ್ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ಪೇಜ್ ಸೈಜ್ ಕಾಣುತ್ತೆ. ಎ1 ಆದರೆ 33.1 × 23.4 ಇಂಚು. ಕೆಲವು ಆ್ಯಪ್‌ಗಳು ಪಾಯಿಂಟ್‌ನಲ್ಲಿ ತೋರಿಸುತ್ತವೆ: 2384 × 1684 ಇದ್ದರೆ ಎ1, 842 × 595 ಇದ್ದರೆ ಯಾರೋ ಎ4ಗೆ ಕುಗ್ಗಿಸಿದ್ದಾರೆ ಅಂತ ಅರ್ಥ. ವಾಟ್ಸಾಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲಿ, ಸ್ಕ್ರೀನ್‌ಶಾಟ್ ಬೇಡ.

ಇನ್ನು ಪ್ರಿಂಟ್. ಎ1 ಪ್ಲಾಟರ್ ಎಲ್ಲಾ ಊರಲ್ಲೂ ಸಿಗಲ್ಲ. ನನ್ನ ಕೇಳಿದರೆ ಎ3 ಒಳ್ಳೆ ದಾರಿ. ಎ1ರ ಉದ್ದ, ಅಗಲ ಎರಡೂ ಸರಿಯಾಗಿ ಅರ್ಧ ಆದರೆ ಎ3. ಹಾಗಾಗಿ 1:200 ನಕ್ಷೆ 1:400 ಆಗುತ್ತೆ, 1 ಸೆಂ.ಮೀ.ಗೆ 4 ಮೀಟರ್, ಲೆಕ್ಕವೂ ಸುಲಭ. ಆದರೆ ಅದನ್ನು ನಕ್ಷೆ ಮಾಡಿದವರೇ ಎ3 ಪಿಡಿಎಫ್ ಆಗಿ ತೆಗೆದು, ಮೂಲೆಯ ಬರಹವನ್ನೂ 1:400 ಅಂತ ತಿದ್ದಿ ಕೊಡಲಿ. ಅಂಗಡೀಲಿ ‘ಆ್ಯಕ್ಚುವಲ್ ಸೈಜ್’ ಅಥವಾ 100 ಪರ್ಸೆಂಟ್ ಅಂತಲೇ ಹೇಳಿ. ‘ಫಿಟ್’ ಅಂತ ಬಿಟ್ಟರೆ ಅಂಚಿಗೆ ಜಾಗ ಬಿಡೋಕೆ ಪ್ರಿಂಟರ್ ಇನ್ನೊಂದಿಷ್ಟು ಕುಗ್ಗಿಸುತ್ತೆ.

ಹಳೇ ಗ್ರಾಮ ನಕ್ಷೆಗೂ ಇದೇ ಮಾತು. ಅದರ ಮೇಲೆ 1:7920 ಅಂತಿದ್ದರೆ, ಅಂದರೆ ಒಂದು ಮೈಲಿಗೆ 8 ಇಂಚು, ಒಂದು ಇಂಚಿಗೆ 660 ಅಡಿ. ಒಂದು ಚದರ ಇಂಚು ಸರಿಯಾಗಿ 10 ಎಕರೆ. ಅದನ್ನು ಅರ್ಧಕ್ಕೆ ಕುಗ್ಗಿಸಿದ ಪ್ರಿಂಟ್‌ನಲ್ಲಿ ಅದೇ ಚದರ ಇಂಚು 40 ಎಕರೆ ಆಗಿರುತ್ತೆ.

ನಕ್ಷೆಯ ಒಂದು ಮೂಲೆಯಲ್ಲಿ 0, 10, 20 ಮೀಟರ್ ಗುರುತಿನ ಅಳತೆಪಟ್ಟಿ ಹಾಕಿಸಿಕೊಳ್ಳಿ. ಹಾಳೆ ಕುಗ್ಗಿದರೆ ಪಟ್ಟಿಯೂ ಜೊತೆಗೇ ಕುಗ್ಗುತ್ತೆ. ಪ್ರಿಂಟ್ ಕೈಗೆ ಬಂದ ತಕ್ಷಣ ಅಂಗಡೀಲೇ ನಿಂತು ಆ 20 ಮೀಟರ್ ಅಳೆಯಿರಿ. 1:400 ಹಾಳೆಯಲ್ಲಿ 5 ಸೆಂ.ಮೀ. ಬರಬೇಕು. ಬರದಿದ್ದರೆ ದುಡ್ಡು ಕೊಡೋ ಮುಂಚೆ ಇನ್ನೊಮ್ಮೆ ಪ್ರಿಂಟ್ ಹಾಕಿಸಿ.